ಎಡ ಪೆಡಲ್‌ನ ಕಾಟರ್ ಪಿನ್ ಎಂಟು ದಿನವೂ ನಿಲ್ಲುತ್ತಿಲ್ಲ

ನವಲೂರು ಸವಾರ:
ದಿನವೂ ನವಲೂರಿನಿಂದ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಕೆಲಸಕ್ಕೆ ಸೈಕಲ್ ತುಳಿಯುತ್ತೇನೆ. ಪೆಡಲ್‌ನ ತೋಳನ್ನು (ಕ್ರ್ಯಾಂಕ್) ನಡುವಿನ ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಒಂದೂವರೆ ತಿಂಗಳಲ್ಲಿ ಇದು ಮೂರನೆಯದು. ಹಾಕಿಸಿ ಎಂಟು ದಿನವಾಗುವಷ್ಟರಲ್ಲಿ ಮತ್ತೆ ‘ಟಕ್’ ಎನ್ನುತ್ತದೆ. ಏರು ಬಂತೆಂದರೆ ಪೆಡಲ್ ಕಾಲಡಿಯಲ್ಲಿ ಜಾರಿದಂತಾಗುತ್ತದೆ. ಎರಡು ಕಪ್ ಚಹಾದ ಬೆಲೆಯ ವಸ್ತುವಿಗಾಗಿ ಇಷ್ಟು ಸಲ ಅಂಗಡಿ ಅಲೆಯಬೇಕೆ? ಗಟ್ಟಿಯಾದ ಪಿನ್ ಯಾವುದೆಂದು ತಿಳಿಸಿ.

ಕೇಶ್ವಾಪುರ 22 ಇಂಚು:
ಪಿನ್‌ನ ದೋಷವಲ್ಲ ಸರ್, ಬಿ.ಬಿ. (ಬಾಟಮ್ ಬ್ರಾಕೆಟ್) ಆಕ್ಸಲ್‌ನ ಬೇರಿಂಗ್ ಗುಂಡುಗಳು ಹೋಗಿವೆ. ಬಿಚ್ಚಿಸಿ ಗ್ರೀಸ್ ತುಂಬಿಸಿ.

ನವಲೂರು ಸವಾರ:
ಹೊಸ ಗುಂಡು ಹಾಕಿಸಿಯಾಗಿದೆ. ಸದ್ದು ಹೋಗಿಲ್ಲ.

ಕೇಶ್ವಾಪುರ 22 ಇಂಚು:
ಹಾಗಾದರೆ ಗುಂಡುಗಳು ಕೂರುವ ಕಪ್ ಸವೆದಿರಬೇಕು.

ಹಾವೇರಿ ಕಾಟರ್‌ಲೆಸ್:
ಈ ಕಾಲದಲ್ಲಿ ಕಾಟರ್ ಏಕೆ? ಸೆಟ್ಟನ್ನೇ ಬದಲಿಸಿ, ಪಿನ್ ಇಲ್ಲದ ಕಾಟರ್‌ಲೆಸ್ ಹಾಕಿಸಿ. ನಾನು ಬದಲಿಸಿದ ಮೇಲೆ ಸುತ್ತಿಗೆಯನ್ನೇ ಮುಟ್ಟಿಲ್ಲ.

ಗದಗ ಹಳೇ ಗಾಡಿ:
ಬದಲಿಸಲು ಆಕ್ಸಲ್, ಎರಡೂ ಕ್ರ್ಯಾಂಕ್ ಎಲ್ಲ ಬೇಕು. ಅವರು ಕೇಳಿರುವುದು ಒಂದು ಪಿನ್‌ನ ಮಾತು. ಮೊದಲು ಪರೀಕ್ಷೆ ಮಾಡಿ: ಎರಡೂ ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ ಎರಡೂ ಪೆಡಲ್ ಒಟ್ಟಿಗೆ ಒತ್ತಿರಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿರಿ. ಆಗ ಒಂದು ಕ್ರ್ಯಾಂಕ್ ತುಸು ಜಗ್ಗಿದರೆ ದೋಷ ಕಾಟರ್‌ನದು. ಬೇರಿಂಗ್ ಸಡಿಲವಾಗಿದ್ದರೆ ಎರಡೂ ಕೂಡಿಯೇ ಅಡ್ಡಡ್ಡ ಅಲ್ಲಾಡುತ್ತವೆ. ಪಿನ್ ಹೊರತೆಗೆದು ಅದರ ಚಪ್ಪಟೆ ಮುಖವನ್ನೂ ನೋಡಿ.

ನವಲೂರು ಸವಾರ:
ಎಡ ಕ್ರ್ಯಾಂಕ್ ಮಾತ್ರ ಜಗ್ಗುತ್ತದೆ. ಪಿನ್‌ನ ಮುಖ ಒಂದು ತುದಿಯಲ್ಲಿ ಉಗುರಿನಷ್ಟು ಅಗಲ ಹೊಳೆಯುತ್ತಿದೆ, ಉಳಿದದ್ದು ಅಂಗಡಿಯಿಂದ ತಂದಾಗಿನಂತೆಯೇ ಮಾಸಲಾಗಿದೆ. ನಟ್ ಎಳೆ ಮುಗಿಯುವವರೆಗೂ ಬಿಗಿಯಾಗಿದೆ, ಒಳಗಿನ ಪಿನ್ ಮಾತ್ರ ಸಡಿಲ. ಅಂದಹಾಗೆ, ಎಡ ಕ್ರ್ಯಾಂಕ್ ಹೋದ ದೀಪಾವಳಿಯಲ್ಲಿ ಗುಜರಿಯಿಂದ ತಂದು ಹಾಕಿಸಿದ್ದು; ಅದನ್ನು ಹೇಳಬೇಕೆಂದು ತೋಚಲಿಲ್ಲ.

ಗದಗ ಹಳೇ ಗಾಡಿ:
ಇದನ್ನೇ ಮೊದಲು ಹೇಳಬೇಕಿತ್ತು! ಪಿನ್‌ಗಳು 9 ಮಿ.ಮೀ.ನವೂ ಇವೆ, ಹಳೆಯ ಬ್ರಿಟಿಷ್ ಅಳತೆಯ 9.5 ಮಿ.ಮೀ.ನವೂ ಇವೆ. ಅರ್ಧ ಮಿ.ಮೀ. ಕಣ್ಣಿಗೆ ಕಾಣದು, ಕ್ಯಾಲಿಪರ್ ಹಿಡಿದು ತೂತನ್ನು ಅಳೆಯಿರಿ. ತೂತು ಮೊಟ್ಟೆಯಾಕಾರವಾಗಿದ್ದರೆ ಯಾವ ಪಿನ್ನೂ ನಿಲ್ಲದು, ಕ್ರ್ಯಾಂಕನ್ನೇ ಬಿಡಿ. ದುಂಡಗಿದ್ದರೆ ಸರಿಯಾದ ಪಿನ್ ತಂದು, ಮುಖ ಪೂರ್ತಿ ಆಕ್ಸಲ್‌ಗೆ ತಾಗುವವರೆಗೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿರಿ. ನಟ್‌ನಿಂದ ಎಳೆಸಬೇಡಿ, ಸುತ್ತಿಗೆಯಿಂದಲೇ ಕೂರಿಸಿ. ನಟ್ ಇರುವುದು ಪಿನ್ ಬೀಳದಿರಲೆಂದು ಮಾತ್ರ. ಹೊಡೆಯುವಾಗ ಕ್ರ್ಯಾಂಕ್‌ನ ಕೆಳಗೆ ನೆಲಕ್ಕೆ ಊರಿದ ಕಬ್ಬಿಣದ ಪೈಪ್ ಆಧಾರ ಕೊಡಿ, ಇಲ್ಲದಿದ್ದರೆ ಏಟು ಬೇರಿಂಗ್ ಕಪ್ಪಿಗೆ ಬೀಳುತ್ತದೆ.

ಕೇಶ್ವಾಪುರ 22 ಇಂಚು:
ನೋಡಿದಿರಾ, ಕೊನೆಗೆ ಕಪ್ಪಿಗೇ ಬಂತು.

ನವಲೂರು ಸವಾರ:
ತೂತು ದುಂಡಗಿದೆ, 9.5. ಅಂಗಡಿಯವರು ಮೂರು ಸಲವೂ ಬಲಗಡೆಯದನ್ನು ನೋಡಿ 9ರ ಪಿನ್ನನ್ನೇ ಕೊಟ್ಟಿದ್ದರು. ಹೊಸದನ್ನು ಉಜ್ಜಿ ಕೂರಿಸಿದ್ದೇನೆ. ನಾಲ್ಕು ದಿನ ತುಳಿದ ಮೇಲೆ ಮತ್ತೊಮ್ಮೆ ಹೊಡೆದಾಗ ಕೂದಲೆಳೆಯಷ್ಟು ಒಳಗೆ ಹೋಯಿತು. ಈಗ ಸದ್ದಿಲ್ಲ.

ಕೇಶ್ವಾಪುರ 22 ಇಂಚು:
ಮಳೆಗಾಲ ಮುಗಿಯಲಿ, ಕಪ್ ಒಮ್ಮೆ ಬಿಚ್ಚಿ ನೋಡಿ.