ಪದಚರ್ಚೆ: ಬೆಳ್ಳಿ ‘ಉತ್ಪ್ರೇರಕ’ವೋ ‘ಕ್ರಿಯಾವರ್ಧಕ’ವೋ? ನಾಳೆ ಅಚ್ಚಿಗೆ

ಬದಿಯಡ್ಕ:
ನಮ್ಮ ಕಾಸರಗೋಡಿನ ಶಾಲಾ ವಿಜ್ಞಾನ ಮೇಳದ ಫಲಕವನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ, ಇಂಗಾಲದ ಡೈಆಕ್ಸೈಡನ್ನು ಕರೆಂಟ್ ಕೊಟ್ಟು ಮೊನಾಕ್ಸೈಡ್ ಮಾಡುವುದು. ತಾನು ಖರ್ಚಾಗದೆ ಕ್ರಿಯೆಯನ್ನು ನಡೆಸಿಕೊಡುವ ವಸ್ತುವಿಗೆ (ಇಂಗ್ಲಿಷಿನ ಕೆಟಲಿಸ್ಟ್, ಇಲ್ಲಿ ಬೆಳ್ಳಿ) ಮೂಲದಲ್ಲಿ ‘ಉತ್ಪ್ರೇರಕಂ’ ಎಂದಿದೆ. ‘ಉತ್ಪ್ರೇರಕ’ ಎಂದೇ ಬಿಡಲೇ? ಹಲವು ಉತ್ಪನ್ನಗಳಲ್ಲಿ ಬೇಕಾದ ಒಂದನ್ನೇ ಕೊಡುವ ಗುಣಕ್ಕೂ ಪದ ಬೇಕು: ‘ಬೆಳ್ಳಿಯ ____ ಹೆಚ್ಚು, ತಾಮ್ರದ್ದು ಕಡಿಮೆ.’ ನಾಳೆ ಸಂಜೆ ಫ್ಲೆಕ್ಸ್‌ನವರಿಗೆ ಕೊಡಬೇಕು.

ಪೆರ್ಲ:
ಬೇಡ. ‘ಕ್ರಿಯಾವರ್ಧಕ’ ಇದೆಯಲ್ಲ. ಮುಗಿಯಿತು.

ಕುಂಬಳೆ:
ಮುಗಿಯಲಿಲ್ಲ ಭಾವ. ದ್ರಾವಣ ಅದೇ ಬೈಕಾರ್ಬೊನೇಟ್, ಅನಿಲವೂ ಅದೇ. ಕ್ಯಾಥೋಡಿಗೆ (ಕರೆಂಟಿನ ಋಣ ತುದಿಗೆ) ಚಿನ್ನ, ಬೆಳ್ಳಿ ಇಟ್ಟರೆ ಮೊನಾಕ್ಸೈಡ್, ತವರ ಇಟ್ಟರೆ ಫಾರ್ಮೇಟ್, ತಾಮ್ರವಾದರೆ ಮೀಥೇನ್, ಎಥಿಲೀನ್ ಎಲ್ಲ ಕಲಸುಮೇಲೋಗರ, ಪ್ಲಾಟಿನಂ ಆದರೆ ಬಹುತೇಕ ಹೈಡ್ರೋಜನ್ನೇ. ಇದರಲ್ಲಿ ‘ವರ್ಧನೆ’ ಎಲ್ಲಿ ಬಂತು? ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ 1830ರ ದಶಕದಲ್ಲಿ ಕೊಟ್ಟ ‘ಕೆಟಾಲಿಸಿಸ್’ನ ಗ್ರೀಕ್ ಬೇರಿನಲ್ಲೂ ವೇಗವಿಲ್ಲ, ‘ಸಡಿಲಿಸು’ ಎಂಬರ್ಥ. ಬೆಳ್ಳಿಯೂ ಮೊನಾಕ್ಸೈಡನ್ನು ಸಡಿಲವಾಗಿ ಹಿಡಿದು ಬಿಟ್ಟುಕೊಡುತ್ತದೆ. ಪ್ಲಾಟಿನಂ ಬಿಡುವುದಿಲ್ಲ, ಮೇಲ್ಮೈಯೇ ಮುಚ್ಚಿಹೋಗುತ್ತದೆ. ನನ್ನ ಪದ ‘ಸಡಿಲುಕ’.

ಮಂಜೇಶ್ವರ:
‘ಸಡಿಲುಕ’ ಎಂದರೆ ಬೋಲ್ಟು ಬಿಚ್ಚುವ ಸ್ಪ್ಯಾನರ್. ರಸಾಯನವೂ ಅರ್ಧವೇ ಹೇಳಿದಿರಿ. ಮೊನಾಕ್ಸೈಡಿಗೆ ಮೊದಲು ಹುಟ್ಟುವ ಕಾರ್ಬಾಕ್ಸಿಲ್ ತುಣುಕನ್ನು ಗಟ್ಟಿಯಾಗಿ ಹಿಡಿಯಬೇಕು. ಬೆಳ್ಳಿ ಅದನ್ನೂ ಸಡಿಲವಾಗಿಯೇ ಹಿಡಿಯುತ್ತದೆ, ಅದಕ್ಕೇ ವೋಲ್ಟೇಜ್ ಜಾಸ್ತಿ ಬೇಕು. ಮೊದಲಿನದಕ್ಕೆ ಬಿಗಿ, ಕೊನೆಯದಕ್ಕೆ ಸಡಿಲ: ವಿನ್ಯಾಸ ಮಾಡುವವರ ತಲೆನೋವೆಲ್ಲ ಇದೇ. ನಿಕ್ಕಲ್ ತಗಡು ಹೈಡ್ರೋಜನ್ ಕೊಡುತ್ತದೆ. ಅದೇ ನಿಕ್ಕಲನ್ನು ಸಾರಜನಕ ಬೆರೆತ ಇಂಗಾಲದಲ್ಲಿ ಒಂಟಿ ಪರಮಾಣುಗಳಾಗಿ ಕೂರಿಸಿದರೆ ಮೊನಾಕ್ಸೈಡ್. ಇನ್ನು, ಆರಿಸುವುದು ಎಂದರೂ ಒಂದು ದಾರಿ ಬೇಗ, ಉಳಿದವು ನಿಧಾನ ಎಂದೇ. ‘ವರ್ಧಕ’ ತಪ್ಪಲ್ಲ. ಬೇಕಾದ ಒಂದನ್ನೇ ಕೊಡುವ ಗುಣಕ್ಕೆ ‘ಆಯ್ಕೆಶೀಲತೆ’.

ಫಲಕದಲ್ಲಿ ಆಯ್ಕೆಶೀಲತೆಗೆ ಶೇಕಡಾ ಇದ್ದರೆ ‘ಕರೆಂಟಿನ ಪಾಲು’ (ಹರಿದ ಕರೆಂಟಿನಲ್ಲಿ ಆ ಉತ್ಪನ್ನಕ್ಕೆ ಹೋದ ಭಾಗ) ಎಂದು ಬರೆಯಿರಿ, ‘ಅನಿಲದ ಪಾಲು’ ಅಲ್ಲ. ಮೊನಾಕ್ಸೈಡಿಗೂ ಹೈಡ್ರೋಜನ್ನಿಗೂ ಅಣುವಿಗೆ 2 ಇಲೆಕ್ಟ್ರಾನ್, ಆದ್ದರಿಂದ ಬೆಳ್ಳಿಯಲ್ಲಿ ಎರಡು ಲೆಕ್ಕವೂ ಹೆಚ್ಚುಕಡಿಮೆ ಒಂದೇ. ತಾಮ್ರದ ಮೀಥೇನಿಗೆ 8 ಬೇಕು, ಅಲ್ಲಿ ಎರಡು ಲೆಕ್ಕ ಒಂದೇ ಆಗುವುದಿಲ್ಲ.

ಮುಳ್ಳೇರಿಯ:
‘ಹೆಪ್ಪು’ ಆಗದೇ? ಅಚ್ಚಗನ್ನಡ.

ಮಂಜೇಶ್ವರ:
ಹೆಪ್ಪು ತಾನೂ ಬೆಳೆದು ಮೊಸರಾಗುತ್ತದೆ. ಬೆಳ್ಳಿ ಬೆಳೆಯುವುದಿಲ್ಲ.

ಕುಂಬಳೆ:
‘ಕ್ರಿಯೆ’, ‘ವರ್ಧಕ’ ಎರಡೂ ಸಂಸ್ಕೃತ, ‘ಉತ್ಪ್ರೇರಕ’ವೂ ಸಂಸ್ಕೃತ. ಮಲಯಾಳದ ಬಾಗಿಲಲ್ಲಿ ಬಂದರೆ ಮಾತ್ರ ಮೈಲಿಗೆಯೋ?

ಪೆರ್ಲ:
ಮೈಲಿಗೆಯಲ್ಲ, ಅನಗತ್ಯ. ಇದ್ದ ಪದ ಬಿಟ್ಟು ಎರವಲು ತಂದರೆ ಇಲ್ಲಿನ ಮಕ್ಕಳ ಪುಸ್ತಕ ಒಂದು, ಘಟ್ಟದ ಮೇಲಿನವರದ್ದು ಇನ್ನೊಂದು ಆಗುತ್ತದೆ.

ಕುಂಬಳೆ:
ಈಗ ಒಂದೇ ಉಂಟೋ? ಅಲ್ಲಿಯೇ ‘ವೇಗವರ್ಧಕ’ವೂ ನಡೆಯುತ್ತದೆ.

ಬದಿಯಡ್ಕ:
‘ಕ್ರಿಯಾವರ್ಧಕ’, ‘ಆಯ್ಕೆಶೀಲತೆ’ ಹಾಕಿದೆ. ಕೊನೆಯದೊಂದು ಮಾಷ್ಟ್ರೇ: ದ್ರಾವಣದಲ್ಲಿ ಚೂರುಪಾರು ಇರುವ ಕಬ್ಬಿಣ ಬೆಳ್ಳಿಯ ಮೇಲೆ ಕೂತರೆ ಹೈಡ್ರೋಜನ್ ಹೆಚ್ಚುತ್ತದೆ, ಇದಕ್ಕೆ ಮೂಲದಲ್ಲಿ ‘ವಿಷ’ ಎಂದಿದೆ. ಮೊನಾಕ್ಸೈಡೇ ವಿಷಾನಿಲ, ಮಕ್ಕಳಿಗೆ ಗೊಂದಲವಾದೀತು.

ಮಂಜೇಶ್ವರ:
‘ಬೆಳ್ಳಿ ಕೆಡುತ್ತದೆ’ ಸಾಕು.