ಪದಚರ್ಚೆ: ಪೋಕೆಮಾನ್ ‘ಎವಾಲ್ವ್’ ಆದರೆ ಕನ್ನಡದಲ್ಲಿ ಏನಾಯಿತು?

ಬಳಗದವರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಶಾಲೆಯೊಂದರ ಮಕ್ಕಳು ತಮ್ಮ ಕೈಬರಹದ ಪತ್ರಿಕೆಗೆ ಪೋಕೆಮಾನ್ ಎಂಬ ಜಪಾನಿ ಕಾರ್ಟೂನ್ ಧಾರಾವಾಹಿಯ ಒಂದು ಕಂತಿನ ವಿಮರ್ಶೆ ಬರೆದಿದ್ದಾರೆ. ಅದರಲ್ಲಿನ ಪೋಕೆಮಾನ್ ಎಂಬ ಜೀವಿಗಳು ಒಂದು ರೂಪದಿಂದ ಇನ್ನೊಂದು ಬಲವಾದ ರೂಪಕ್ಕೆ ಬದಲಾಗುವುದನ್ನು ಇಂಗ್ಲಿಷಿನಲ್ಲಿ ‘ಎವಾಲ್ವ್’ ಎನ್ನುತ್ತಾರೆ; ಅದಕ್ಕೆ ಕನ್ನಡ ಪದ ಯಾವುದೆಂಬುದೇ ನನ್ನ ಪ್ರಶ್ನೆ. ತಿದ್ದುವ ಕೆಲಸ ನನ್ನ ಪಾಲಿಗೆ ಬಂದುದರಿಂದ ಕಂತನ್ನು ಮತ್ತೆ ನೋಡಿದೆ. 1997ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಪ್ರಸಾರವಾದ ನಾಲ್ಕನೆಯ ಕಂತು ಅದು. ಸಮುರಾಯ್ ವೇಷದ ಹುಡುಗನೊಬ್ಬ ಕಾಡಿನಲ್ಲಿ ಕಥಾನಾಯಕ ಆ್ಯಶ್‌ನನ್ನು ಕಾಳಗಕ್ಕೆ ಕರೆಯುತ್ತಾನೆ. ಇಬ್ಬರ ಬಳಿಯೂ ಮೆಟಾಪಾಡ್ ಎಂಬ, ಕೋಶದೊಳಗಿನ ಹುಳು. ಅವು ತೋರಿಸುವ ವಿದ್ಯೆ ಒಂದೇ: ಚಿಪ್ಪನ್ನು ಇನ್ನಷ್ಟು ಬಿರುಸು ಮಾಡಿಕೊಳ್ಳುವುದು. ‘ಗಟ್ಟಿಯಾಗು, ಗಟ್ಟಿಯಾಗು’ ಎಂದು ಹುಡುಗರು ಕೂಗಿ ಕೂಗಿ ಬಸವಳಿಯುತ್ತಾರೆ. ಹುಳುಗಳು ಮಿಸುಕುವುದೂ ಇಲ್ಲ. ಕಂತಿನಲ್ಲಿ ನನಗೆ ಹಿಡಿಸಿದ್ದು ಈ ಕಾಳಗವೇ. (ನಮ್ಮ ಕಡೆ ‘ಗಟ್ಟಿ’ ಎಂದರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಹಲಸಿನಹಣ್ಣಿನ ತಿಂಡಿಯೂ ಹೌದು. ಹಸಿರು ಮೆಟಾಪಾಡ್ ಕಂಡು ಮಕ್ಕಳು ಏಕೆ ನಕ್ಕರೆಂದು ಬೇರೆ ಹೇಳಬೇಕಿಲ್ಲ.)

ತೊಡಕು ಇರುವುದು ಕೊನೆಯಲ್ಲಿ. ಕಣಜದ ಹುಳುವಿನಂಥ ಬೀಡ್ರಿಲ್ ಎಂಬ ಪೋಕೆಮಾನ್ ಆ್ಯಶ್‌ನ ಮೇಲೆ ನುಗ್ಗಿದಾಗ ಮೆಟಾಪಾಡ್ ಅಡ್ಡ ಹಾರಿ ಪೆಟ್ಟು ತಿನ್ನುತ್ತದೆ. ಚಿಪ್ಪು ಬಿರಿದು ಬಟರ್‌ಫ್ರೀ ಎಂಬ ಚಿಟ್ಟೆ ಹೊರಬರುತ್ತದೆ, ಬಂದದ್ದೇ ಹಾರುತ್ತದೆ. ಇದು ನಿಜಕ್ಕೆ ದೂರವೆಂಬುದನ್ನು ಒಬ್ಬ ಹುಡುಗಿ ಚೆನ್ನಾಗಿ ಹಿಡಿದಿದ್ದಾಳೆ. ನಿಂಬೆ, ಕರಿಬೇವಿನ ಗಿಡಗಳಲ್ಲಿ ಸಿಗುವ ಹಸಿರು ಹುಳುವನ್ನು ಅವಳು ಬಲ್ಲಳು. ಮುಟ್ಟಿದರೆ ಅದು ತಲೆಯ ಹಿಂದಿನಿಂದ ಕವಲೊಡೆದ ಕೋಡು ಚಾಚಿ ನಾತ ಬಿಡುತ್ತದೆ. ಮೆಟಾಪಾಡ್‌ನ ಮೊದಲ ರೂಪವಾದ ಕ್ಯಾಟರ್‌ಪಿಗೂ ಅಂಥದೇ ಕೆಂಪು ಕೋಡಿದೆ. ಆದರೆ ಗಿಡದ ಹುಳು ಚಿಟ್ಟೆಯಾಗಿ ಹೊರಬಂದರೆ ಮುದುಡಿದ ಒದ್ದೆ ರೆಕ್ಕೆ ಹರಡಿ ಒಣಗುವವರೆಗೆ ಕಡ್ಡಿಗೆ ಜೋತುಕೊಂಡು ಕಾಯಲೇಬೇಕು. ಇಷ್ಟು ಬಲ್ಲ ಅವಳ ವಾಕ್ಯ ಮಾತ್ರ ಹೀಗಿದೆ: ‘ಮೆಟಾಪಾಡ್ ಪರಿಣಾಮ ಹೊಂದಿತು.’

ಮಲಯಾಳದಲ್ಲಿ ಜೀವವಿಕಾಸಕ್ಕೆ ‘ಪರಿಣಾಮಂ’ ಎನ್ನುತ್ತಾರೆ; ಪದ ಅಲ್ಲಿಂದ ನುಸುಳಿದೆ. ಹೊಡೆದುಹಾಕಲು ಮನಸ್ಸು ಬರಲಿಲ್ಲ. ಸಾಂಖ್ಯ ದರ್ಶನದವರ ಪರಿಣಾಮವಾದದಲ್ಲಿ ಹಾಲು ಮೊಸರಾಗುವಂಥ ಮಾರ್ಪಾಡೇ ಪರಿಣಾಮ. ಹಳೆಯ ಅರ್ಥವನ್ನು ಹಿಡಿದರೆ ಹುಡುಗಿಯೇ ಸರಿ. ಆದರೆ ಇಂದಿನ ಕನ್ನಡ ಓದುಗನಿಗೆ ‘ಮದ್ದಿನ ಪರಿಣಾಮ’ವಷ್ಟೇ ನೆನಪಾಗುತ್ತದೆ.

ಉಳಿದ ಮಕ್ಕಳು ‘ವಿಕಾಸ’ ಎಂದಿದ್ದಾರೆ. ಜಪಾನಿ ಮೂಲದ ‘ಶಿಂಕಾ’ ಎಂಬುದು ಡಾರ್ವಿನ್ ಹೇಳಿದ ವಿಕಾಸಕ್ಕೂ ಅಲ್ಲಿ ಬಳಸುವ ಪದವೇ. ಹುಳು ಚಿಟ್ಟೆಯಾಗುವಂಥ ಕೀಟದ ಅವಸ್ಥಾಂತರಕ್ಕೆ ಅವರಲ್ಲಿ ಬೇರೆ ಪದವಿದೆ. ಹಾಗಾಗಿ ಎಡವಿದ್ದು ಮೂಲದಲ್ಲಿಯೇ, ಮಕ್ಕಳನ್ನು ದೂರುವಂತಿಲ್ಲ. ಆದರೂ ವಿಕಾಸ ತಲೆಮಾರುಗಳ ಸಂಗತಿ, ಒಂದು ಪ್ರಾಣಿಯದಲ್ಲ. ಇದೇ ಸರಣಿಯ ಇನ್ನೊಂದು ಕಂತಿನಲ್ಲಿ ಪಿಕಾಚು ಎಂಬ ಪೋಕೆಮಾನ್, ಮುಟ್ಟಿದರೆ ತನ್ನನ್ನು ಮುಂದಿನ ರೂಪಕ್ಕೆ ಬದಲಿಸುವ ಸಿಡಿಲ ಕಲ್ಲನ್ನು ಒಲ್ಲೆನೆಂದು ತಳ್ಳಿ, ರಾಯ್‌ಚು ಆಗದೆ ಉಳಿಯುತ್ತದೆ. ಬೇಕು ಬೇಡ ಎನ್ನಲು ಬರುವ ವಿಕಾಸ ಎಲ್ಲಿಯದು?

‘ರೂಪಾಂತರ’ ಚಿಟ್ಟೆಗೆ ಒಪ್ಪುತ್ತದೆ. ಆದರೆ ಅದನ್ನು ನಾಟಕದವರೂ ಕೋವಿಡ್ ಸುದ್ದಿಯವರೂ ಹಂಚಿಕೊಂಡುಬಿಟ್ಟಿದ್ದಾರೆ. ಬಲ ಹೆಚ್ಚಿತೆಂಬ ಅರ್ಥವೂ ಅದರಲ್ಲಿಲ್ಲ. ಡಿಜಿಮಾನ್ ಎಂಬ ಇನ್ನೊಂದು ಜಪಾನಿ ಧಾರಾವಾಹಿಯ ಜೀವಿಗಳಂತೂ ಕಾಳಗ ಮುಗಿದೊಡನೆ ಹಳೆಯ ರೂಪಕ್ಕೆ ಮರಳುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ನಮಗೆ ಅದು ‘ವೇಷ’ವೇ ಸರಿ.

ನನ್ನ ಒಲವು ‘ಬಲಿ’ ಎಂಬ ಕ್ರಿಯಾಪದದ ಕಡೆಗೆ. ಬಲಿತ ಅಡಿಕೆ, ಬಲಿತ ತೆಂಗಿನಕಾಯಿ ಎಂಬ ಮಾತು ಇಲ್ಲಿಯ ಮಕ್ಕಳ ಕಿವಿಗೆ ದಿನವೂ ಬೀಳುತ್ತದೆ. ಎಳೆಯದು ಮಾಗುವುದೂ ಬಲಗೊಳ್ಳುವುದೂ ಅದರಲ್ಲಿ ಒಟ್ಟಿಗೆ ಇವೆ. ದೊಡ್ಡದು ಎಂಬ ಅರ್ಥದ ಮಲಯಾಳದ ‘ವಲಿಯ’ ಇದರದೇ ದಾಯಾದಿ. ‘ಮೆಟಾಪಾಡ್ ಬಲಿತು ಬಟರ್‌ಫ್ರೀ ಆಯಿತು’ ಎಂದರೆ ತೊಡಕೇನೂ ಕಾಣುವುದಿಲ್ಲ. ಕಲ್ಲು ಮುಟ್ಟಿಸಿದೊಡನೆ ಬದಲಾಗುವುದಕ್ಕೆ ಇದು ಹೊಂದುತ್ತದೆಯೇ ಎಂಬ ಅನುಮಾನ ಮಾತ್ರ ಉಳಿದಿದೆ.

ಬೇಕಾಗಿರುವುದು ನಾಮಪದ. ‘ಬಲಿ’ ಎಂದಷ್ಟೇ ಬರೆದರೆ ಕೋಳಿಯ ನೆನಪಾಗುತ್ತದೆ. ‘ಕಲಿ’ಯಿಂದ ‘ಕಲಿಕೆ’ ಬಂದಂತೆ ‘ಬಲಿಕೆ’ ಎನ್ನಬಹುದೇ? ಯಾರ ಬಾಯಲ್ಲಾದರೂ ಈ ರೂಪ ಕೇಳಿದ್ದೀರಾ? ನಮ್ಮಂತೆಯೇ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ಅಕ್ಕಲಕೋಟೆ, ಮಡಕಶಿರಾ ಕಡೆಯವರು ತಮ್ಮ ಮನೆಯ ಮಕ್ಕಳು ಇದಕ್ಕೆ ಏನನ್ನುತ್ತಾರೆಂದು ಕೇಳಿ ತಿಳಿಸಿದರೆ ಉಪಕಾರ. ‘ಎವಾಲ್ವ್ ಆಯಿತು’ ಎನ್ನುತ್ತಾರೆ ಎಂಬ ಉತ್ತರ ಬೇಡ. ಅದು ಇಲ್ಲಿಯೂ ಬೇಕಾದಷ್ಟು ಸಿಗುತ್ತದೆ.