ಆಂಟಾಸಿಡ್ ಗುಳಿಗೆಯ ಬ್ಯಾಕ್ ಟೈಟ್ರೇಷನ್: 500 ಇರಬೇಕಾದಲ್ಲಿ 571 ಮಿಗ್ರಾಂ ಯಾಕ ಬರಲತ್ತದ?

ಲ್ಯಾಬ್ ಕಟ್ಟೆ, ಕಲಬುರಗಿ

ಬಿಎಸ್ಸಿ ಹುಡುಗರಿಗೆ ಪ್ರಾಜೆಕ್ಟ್ ಕೊಟ್ಟೀವ್ರಿ. ಲೇಬಲ್ ಹೇಳಿದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆದಾಗ ಅದನೋ ಇಲ್ಲೋ ನೋಡಬೇಕು. ಬ್ಯಾಕ್ ಟೈಟ್ರೇಷನ್ ಅಂದ್ರ ಹೆಚ್ಚಿಗಿ ಆಮ್ಲ ಹಾಕಿ, ಉಳಿದದ್ದನ್ನ ಕ್ಷಾರದಿಂದ ಅಳೆಯೋದು. ಲೇಬಲ್ ಮೇಲ ಗುಳಿಗೆಗೆ 500 ಮಿಗ್ರಾಂ. ಹತ್ತು ಗುಳಿಗೆ ತೂಗಿದ್ರ ಸರಾಸರಿ 1.250 ಗ್ರಾಂ.

ಅರೆದ ಪುಡಿ 0.300 ಗ್ರಾಂ ತಗೊಂಡು, 50 ಮಿಲೀ ನೀರು ಹಾಕಿ, 0.1 ಮೋಲಾರ್ ಎಚ್‌ಸಿಎಲ್ 50.0 ಮಿಲೀ (25ರ ಪಿಪೆಟ್ ಎರಡು ಸಲ) ಬಿಟ್ಟೀವಿ. ಎರಡು ನಿಮಿಷ ಬಿಸಿ ಮಾಡಿ, ಆರಿಸಿ, ಫಿನಾಲ್ಫ್ತಲೀನ್ (ಕ್ಷಾರದಾಗ ಗುಲಾಬಿ ಆಗೋ ಸೂಚಕ) ಹಾಕಿ 0.1 ಮೋಲಾರ್ ಎನ್‌ಎಒಎಚ್‌ನಿಂದ ಟೈಟ್ರೇಟ್ ಮಾಡಿದ್ರ 22.6 ಮಿಲೀಗೆ ಗುಲಾಬಿ ಬರ್ತದ.

ಲೆಕ್ಕ: ಹಾಕಿದ ಆಮ್ಲ 5.00 ಮಿಲಿಮೋಲ್, ಉಳಿದದ್ದು 2.26, ಖರ್ಚಾದದ್ದು 2.74. ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಆಮ್ಲ, ಹಂಗಾಗಿ 1.37 ಮಿಲಿಮೋಲ್, ಅಂದ್ರ 137 ಮಿಗ್ರಾಂ. 0.300ರಿಂದ 1.250 ಗ್ರಾಮಿಗೆ ಏರಿಸಿದ್ರ ಗುಳಿಗೆಗೆ 571. ಮತ್ತ ಮತ್ತ ಮಾಡಿದ್ರೂ ಅದರ ಆಸುಪಾಸೇ ಬರಲತ್ತದ. ಇನ್ನೊಂದು, ಗುಲಾಬಿ ಬಣ್ಣ ಅರ್ಧ ನಿಮಿಷದಾಗ ಮಾಯ ಆಗ್ತದ. ನೀರು ಬೋರ್‌ದು, ಕ್ಯಾಂಡಲ್ ಫಿಲ್ಟರಿನಿಂದ ಬಂದದ್ದು.

ಸುಣ್ಣದಕಲ್ಲು, ಸೇಡಂ

ಲೆಕ್ಕದಾಗ ತಪ್ಪಿಲ್ರಿ. ಏನರೆ ಬದಲು ಮಾಡೋಕಿಂತ ಮೊದಲು ಯಾವ ದೋಷ ಉತ್ತರಾನ ಯಾವ ಕಡೆ ತಳ್ಳತದ ಅಂತ ನೋಡ್ರಿ, ಅರ್ಧ ಅನುಮಾನ ಅಲ್ಲೇ ಕಳೀತಾವ.

ಎನ್‌ಎಒಎಚ್ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ ದುರ್ಬಲ ಆಗಿದ್ರ? ಆಗ ಬ್ಯೂರೆಟ್ ರೀಡಿಂಗ್ ಹೆಚ್ಚಿಗಿ ಬರ್ತದ, ಉತ್ತರ ಕಡಿಮಿ ಬೀಳ್ತದ. ಕಾರ್ಬೊನೇಟಿನಿಂದ ಹೊರಟ ಅದೇ ಅನಿಲ ಫ್ಲಾಸ್ಕಿನಾಗ ಉಳಿದಿದ್ರೂ ಅದೇ ದಿಕ್ಕು. ನಿಮ್ಮದು ಹೆಚ್ಚಾಗ್ಯದ, ಹಂಗಾಗಿ ಇವೆರಡೂ ಅಲ್ಲ. ಹೆಚ್ಚು ಮಾಡೋವು ಮುಖ್ಯವಾಗಿ ಎರಡು: ಆಮ್ಲ ನೀವು ಅಂದುಕೊಂಡಷ್ಟು ಪ್ರಬಲ ಇಲ್ಲ, ಇಲ್ಲಾಂದ್ರ ಗುಳಿಗೆ ಅಲ್ಲದೆ ಬ್ಯಾರೆ ಏನೋ ಆಮ್ಲ ತಿನ್ನಲತ್ತದ.

ಎರಡನ್ನೂ ಅಂಕಿಯಲ್ಲಿ ನೋಡೋಣ. 500ಕ್ಕೆ ಸರಿಹೊಂದಬೇಕಂದ್ರ ಖರ್ಚು 2.40 ಮಿಲಿಮೋಲ್ ಆಗಬೇಕಿತ್ತು, 0.34 ಹೆಚ್ಚಾಗ್ಯದ. ಆಮ್ಲದ್ದೇ ತಪ್ಪಾದ್ರ ಅದರ ಸಾಂದ್ರತೆ 0.0932 ಇರಬೇಕು. ಬಾಟಲಿಯ ಆಮ್ಲ 8.5 ಮಿಲೀ ಅಳೆದು ಲೀಟರ್ ಮಾಡಿ, ಸ್ಟ್ಯಾಂಡರ್ಡೈಸ್ ಮಾಡದೆ (ಖರೇ ಸಾಂದ್ರತೆ ಅಳೆದು ನೋಡದೆ) 0.1 ಅಂತ ಬರೆದಿದ್ರ ಇದು ಆಗೋದೇ. ನೀರಿಂದೇ ತಪ್ಪಾದ್ರ 50 ಮಿಲೀದಾಗ 17 ಮಿಗ್ರಾಂ ಕಾರ್ಬೊನೇಟಿಗೆ ಸಮನಾದ ಕ್ಷಾರ, ಅಂದ್ರ ಲೀಟರಿಗೆ 340 ಮಿಗ್ರಾಂ. ಸುಣ್ಣದಕಲ್ಲಿನ ನೆಲದ ಬೋರ್ ನೀರಿಗೆ ಇದೇನು ದೊಡ್ಡ ಮಾತಲ್ಲ. ಕ್ಯಾಂಡಲ್ ಫಿಲ್ಟರ್ ಮಣ್ಣು ಹಿಡೀತದ, ಕರಗಿದ ಬೈಕಾರ್ಬೊನೇಟ್ ಹಿಡಿಯಂಗಿಲ್ಲ. (ಶಹಾಬಾದ್ ಪರಸಿ ಮೇಲ ಒಂದು ಹನಿ ಆಮ್ಲ ಚೆಲ್ಲಿ ನೋಡ್ರಿ, ನಿಮ್ಮ ಫ್ಲಾಸ್ಕಿನ ಕ್ರಿಯೆನೇ ನೆಲದ ಮೇಲ ನೊರೆ ಬರಸ್ತದ.)

ಯಾವುದು ಅಂತ ತಿಳಿಯಲಿಕ್ಕೆ ಗುಳಿಗೆ ಹಾಕದೆ, ಮೊದಲಿನಂಗೇ ಬಿಸಿ ಮಾಡಿ, ಎರಡು ಬ್ಲ್ಯಾಂಕ್ ಮಾಡ್ರಿ. ಒಂದರಾಗ 25 ಮಿಲೀ ಆಮ್ಲ ಮತ್ತು 50 ಮಿಲೀ ಡಿಸ್ಟಿಲ್ಡ್ ವಾಟರ್. ಇನ್ನೊಂದರಾಗ ಅಷ್ಟೇ ಆಮ್ಲ, 50 ಮಿಲೀ ಬೋರ್ ನೀರು. ಎರಡರ ನಡುವಿನ ಅಂತರ ನೀರಿನ ಪಾಲು. ಮೊದಲಿನದರಾಗೇ 25 ಬರಲಿಲ್ಲಾಂದ್ರ ದ್ರಾವಣಗಳದೂ ತಪ್ಪದ.

ಬ್ಯೂರೆಟ್ ಬೀದರ್

ಗುಲಾಬಿ ಮಾಯ ಆಗೋದಕ್ಕ ಕಾರಣ ಉಳಿದ ಕಾರ್ಬನ್ ಡೈಆಕ್ಸೈಡ್. ಫಿನಾಲ್ಫ್ತಲೀನ್ ಬಣ್ಣ ತಿರುಗೋದು ಪಿಎಚ್ 8.3ರ ಸುತ್ತ. ಅಷ್ಟೊತ್ತಿಗೆ ಕಾರ್ಬಾನಿಕ್ ಆಮ್ಲನೂ ಬೈಕಾರ್ಬೊನೇಟ್ ಆಗ್ತ ಎನ್‌ಎಒಎಚ್ ತಿಂದಿರ್ತದ. ಬಿಸಿ ಮಾಡಿದ್ರ ಸಾಲದು, ಗುಳ್ಳೆ ಬರಂಗ 5 ನಿಮಿಷ ಕುದಿಸ್ರಿ. ಫ್ಲಾಸ್ಕಿನ ಬಾಯಿಗೆ ಸಣ್ಣ ಆಲಿಕೆ ಇಟ್ರ ಹನಿ ಸಿಡಿದು ಹೋಗಂಗಿಲ್ಲ. ಇಷ್ಟು ತೆಳು ಎಚ್‌ಸಿಎಲ್ ಕುದಿಸಿದ್ರ ಆವಿಯಾಗಿ ಹೋಗ್ತದಂತ ಹುಡುಗರು ಅಂಜ್ತಾರ. ಒಣಗೋ ಮಟ ಬಿಡದಿದ್ರ ಹೋಗೋದು ನೀರೇ. ಆರಿಸುವಾಗ ಬಾಯಿ ಮುಚ್ಚಿರಲಿ. ಕುದಿಸೋ ತ್ರಾಸು ಬ್ಯಾಡಂದ್ರ ಬ್ರೋಮೋಫಿನಾಲ್ ಬ್ಲೂ ಬಳಸ್ರಿ. ಅದು ಪಿಎಚ್ 3ರಿಂದ 4.6ರ ನಡುವ ತಿರುಗ್ತದ, ಕಾರ್ಬಾನಿಕ್ ಆಮ್ಲದ ಗೊಡವಿಗೆ ಹೋಗಂಗಿಲ್ಲ.

ಎನ್‌ಎಒಎಚ್ ಸ್ಟ್ಯಾಂಡರ್ಡೈಸ್ ಮಾಡಲಿಕ್ಕ ಆಕ್ಸಾಲಿಕ್ ಆಮ್ಲ: 250 ಮಿಲೀಗೆ 1.576 ಗ್ರಾಂ ಕರಗಿಸಿದ್ರ 0.05 ಮೋಲಾರ್. ಹಳೇ ಡಬ್ಬಿದ್ದು ನೀರು ಬಿಟ್ಟು ಪುಡಿಯಾಗಿದ್ರ ಬ್ಯಾಡ್ರಿ, ಹರಳು ಹರಳಾಗಿರಬೇಕು.

ಬೇಸಿಗಿ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಿಗೋ ಗಾಜಿನ ಮೇಲ ಹೆಚ್ಚಾಗಿ 27 ಡಿಗ್ರಿ ಅಂತ ಇರ್ತದ. 40 ಡಿಗ್ರಿಗೆ ನೀರು ಸುಮಾರು 0.4 ಶೇಕಡಾ ಹಿಗ್ಗತದ. ಸ್ಟ್ಯಾಂಡರ್ಡೈಸೇಷನ್ನೂ ಟೈಟ್ರೇಷನ್ನೂ ಅದೇ ದಿನ ಅದೇ ಕೋಣೆಯಾಗ ಮಾಡಿದ್ರ ಇದು ಹೊಡೆದುಹೋಗ್ತದ. ಏಪ್ರಿಲ್‌ದಾಗ ಮಾಡಿದ ನಾರ್ಮಾಲಿಟಿ (ಸಾಂದ್ರತೆಯ ಅಂಕಿ) ಜನವರಿಯಾಗ ಬಳಸಬ್ಯಾಡ್ರಿ.

ಲ್ಯಾಬ್ ಕಟ್ಟೆ, ಕಲಬುರಗಿ

ಬ್ಲ್ಯಾಂಕ್ ಮಾಡಿದ್ವಿ. ಡಿಸ್ಟಿಲ್ಡ್ ವಾಟರಿಗೆ 24.9, ಬೋರ್ ನೀರಿಗೆ 21.6. ನೀರೇ 3.3 ಮಿಲೀ ತಿಂದದ! ಎನ್‌ಎಒಎಚ್ 0.0998 ಬಂತು. ಡಿಸ್ಟಿಲ್ಡ್ ವಾಟರ್ ಹಾಕಿ 5 ನಿಮಿಷ ಕುದಿಸಿ ಮಾಡಿದ್ರ ಗುಲಾಬಿ ನಿಂತಿತು, ರೀಡಿಂಗ್ 25.7. 50 ಮಿಲೀ ಆಮ್ಲಕ್ಕ 49.8 ಹಿಡಿದು 24.1 ಮಿಲೀ ಖರ್ಚು, ಗುಳಿಗೆಗೆ 501 ಮಿಗ್ರಾಂ. ಇದೇ ರೀತಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರೋ ಗುಲಾಬಿ ಗುಳಿಗೆ ಮಾಡಬಹುದಾ?

ಫಾರ್ಮಾ ಬೆಂಚ್, ಯಾದಗಿರಿ

501 ಎಂದು ಬರೆಯುವಾಗ ಜೊತೆಗೆ ± 3 ಹಾಕಿಸಿ. ನಿಮ್ಮ ತಕ್ಕಡಿ 1 ಮಿಗ್ರಾಂ ತೋರಿಸುವಂಥದ್ದಾದರೆ 0.300 ಗ್ರಾಮಿನಲ್ಲಿ ಅದೇ 0.3 ಶೇಕಡಾ. ಬ್ಯೂರೆಟ್ಟಿನಲ್ಲಿ 0.1 ಮಿಲೀ ಏರುಪೇರಾದರೆ 0.4 ಶೇಕಡಾ.

ಗುಲಾಬಿ ಗುಳಿಗೆಗೆ ಈ ವಿಧಾನ ನೇರವಾಗಿ ಹೊಂದುವುದಿಲ್ಲ. ಬಣ್ಣದ ಗುಳಿಗೆಯಲ್ಲಿ ಫಿನಾಲ್ಫ್ತಲೀನ್ ಕಾಣುವುದೇ ಕಷ್ಟ, ಆದರೆ ಅದು ಸಣ್ಣ ತೊಡಕು. ದೊಡ್ಡ ತೊಡಕು ಅಲ್ಯೂಮಿನಿಯಂ. ಒಂದು ಮೋಲ್ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮೂರು ಮೋಲ್ ಆಮ್ಲ ತೆಗೆದುಕೊಳ್ಳುತ್ತದೆ ನಿಜ. ಆದರೆ ಎನ್‌ಎಒಎಚ್ ಬಿಡುತ್ತ ಪಿಎಚ್ 4 ದಾಟಿದಂತೆ ಅದೇ ಅಲ್ಯೂಮಿನಿಯಂ ಮತ್ತೆ ಬಿಳಿ ಜೆಲ್ಲಿಯಾಗಿ ಇಳಿಯುತ್ತದೆ, ತಾನು ತಿಂದ ಆಮ್ಲವನ್ನು ಲೆಕ್ಕಕ್ಕೆ ಹಿಂದಿರುಗಿಸುತ್ತದೆ. ಹೀಗಾಗಿ ಪಿಎಚ್ ಮೀಟರ್ ಇಟ್ಟು 3.5ಕ್ಕೇ ನಿಲ್ಲಿಸಬೇಕು. ಅಮೆರಿಕದ ಫಾರ್ಮಕೋಪಿಯಾದ ಆಮ್ಲ ತಟಸ್ಥೀಕರಣ ಪರೀಕ್ಷೆಯ ಕ್ರಮ ಇದೇ: 37 ಡಿಗ್ರಿಯಲ್ಲಿ 1 ನಾರ್ಮಲ್ ಎಚ್‌ಸಿಎಲ್ 30 ಮಿಲೀ, 15 ನಿಮಿಷ ಕಲಕು, ಬಳಿಕ 0.5 ನಾರ್ಮಲ್ ಎನ್‌ಎಒಎಚ್‌ನಿಂದ 5 ನಿಮಿಷದೊಳಗೆ ಪಿಎಚ್ 3.5.

ಅದರಿಂದ ಬರುವುದು ಎರಡೂ ಪದಾರ್ಥ ಸೇರಿ ತಿಂದ ಒಟ್ಟು ಆಮ್ಲ ಮಾತ್ರ. ಒಂದೇ ಸಮೀಕರಣದಿಂದ ಎರಡು ಅಜ್ಞಾತಗಳು ಹೊರಡುವುದಿಲ್ಲ. ಬೇರೆ ಬೇರೆ ಬೇಕಾದರೆ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ): ಅಲ್ಯೂಮಿನಿಯಮ್ಮಿಗೆ ಹೆಚ್ಚುವರಿ ಇಡಿಟಿಎ ಹಾಕಿ ಕುದಿಸಿ, ಪಿಎಚ್ 5ರಿಂದ 6ರಲ್ಲಿ ಕ್ಸೈಲಿನಾಲ್ ಆರೆಂಜ್ ಸೂಚಕ ಹಾಕಿ ಜಿಂಕ್ ದ್ರಾವಣದಿಂದ ಬ್ಯಾಕ್ ಟೈಟ್ರೇಷನ್. ಮೆಗ್ನೀಷಿಯಮ್ಮಿಗೆ ಟ್ರೈಎಥನಾಲಮೀನ್‌ನಿಂದ ಅಲ್ಯೂಮಿನಿಯಂ ಮರೆಮಾಡಿ, ಪಿಎಚ್ 10ರಲ್ಲಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕದೊಂದಿಗೆ ಇಡಿಟಿಎ ಟೈಟ್ರೇಷನ್.

ಅಂಗಡಿಯಿಂದ ಬೇರೆ ಗುಳಿಗೆ ತರಿಸುವಾಗ ಲೇಬಲ್ ಪೂರ್ತಿ ಓದಿಸಿ. ಮೂಳೆಗೆ ಕೊಡುವ ಕ್ಯಾಲ್ಸಿಯಂ ಗುಳಿಗೆಯಲ್ಲಿ 500 ಮಿಗ್ರಾಂ ಎಂದರೆ ಎಷ್ಟೋ ಸಲ ಬರೀ ಕ್ಯಾಲ್ಸಿಯಂ ಧಾತುವಿನ ತೂಕ, ಕಾರ್ಬೊನೇಟ್ 1250 ಇರುತ್ತದೆ. ಅದರ ಪುಡಿ 0.300 ಗ್ರಾಂ ತೆಗೆದುಕೊಂಡರೆ ನಿಮ್ಮ 50 ಮಿಲೀ ಆಮ್ಲ ಬಹುಪಾಲು ಖರ್ಚಾಗಿ, ಬ್ಯೂರೆಟ್ಟಿಗೆ ಏನೂ ಉಳಿಯದಂತಾಗುತ್ತದೆ. 0.150 ಸಾಕು.